ರಿಟರ್ನ್ ಟಿಕೆಟ್ ಇಲ್ಲದ ಕುದುರೆಗಳು

ನಮ್ಮ ಟೀಮಿನ ಹುಡುಗನೊಬ್ಬ ನಾಲ್ಕು ವರ್ಷದಿಂದ ಆರು ತಿಂಗಳು ಸಿಡ್ನಿ, ಆರು ತಿಂಗಳು ಎಲೆಕ್ಟ್ರಾನಿಕ್ ಸಿಟಿ ಅಂತ ಓಡಾಡಿಕೊಂಡಿದ್ದಾನೆ. ಅಕ್ಟೋಬರಿನಲ್ಲಿ ಹೋದರೆ ಏಪ್ರಿಲ್‌ಗೆ ವಾಪಸ್. ಮೊನ್ನೆ ಕ್ಯಾಂಟೀನಿನಲ್ಲಿ ಮೊಸರನ್ನ ಕಲಸಿಕೊಳ್ಳುತ್ತಾ, "ಚಳಿಗಾಲ ನೋಡಿ ನಾಲ್ಕು ವರ್ಷ ಆಯ್ತು ಸಾರ್. ಅಲ್ಲಿಯ ಬೇಸಿಗೆ ಮುಗಿಸಿ ಇಲ್ಲಿಯ ಬೇಸಿಗೆಗೆ ಬರ್ತೀನಿ. ನಾನೊಂಥರಾ ಷಟಲ್ ಕುದುರೆ" ಅಂದ. ಬ್ಯಾಡ್ಮಿಂಟನ್ ಷಟಲ್ ಗೊತ್ತು, ವೈಟ್‌ಫೀಲ್ಡ್ ಕಡೆಗೆ ಹೋಗುವ ಷಟಲ್ ಬಸ್ಸೂ ಗೊತ್ತು. ಇದ್ಯಾವುದಪ್ಪ ಷಟಲ್ ಕುದುರೆ ಅಂತ ಕೇಳಿದೆ. ಅವನು ವಿವರಿಸಿದ ಮೇಲೆ ಮೇಜಿನಲ್ಲಿದ್ದವರೆಲ್ಲ ತಟ್ಟೆ ನೋಡಿಕೊಂಡು ಊಟ ಮುಗಿಸಿದರು. ವಿಷಯ ಹಾಗಿತ್ತು :-)

ನಮ್ಮ ಹಳ್ಳಿಗಳಲ್ಲಿ ಬೀಜದ ಹೋರಿ ಅಂತ ಇರುತ್ತಲ್ಲ, ಹಾಗೆ ಬೀಜದ ಕುದುರೆ. ಒಳ್ಳೆ ರೇಸು ಗೆದ್ದು, ಒಳ್ಳೆ ವಂಶ ಅನ್ನಿಸಿಕೊಂಡ ಗಂಡು ಕುದುರೆ ಫೆಬ್ರವರಿಯಿಂದ ಜೂನ್‌ವರೆಗೆ ಐರ್ಲೆಂಡಿನಲ್ಲೋ ಅಮೆರಿಕದ ಕೆಂಟಕಿಯಲ್ಲೋ ಇರುತ್ತದೆ. ಅಲ್ಲಿಯ ಹೆಣ್ಣು ಕುದುರೆಗಳ ಕಾಲ ಮುಗಿದ ಮೇಲೆ ವಿಮಾನ ಹತ್ತಿಸಿ ಆಸ್ಟ್ರೇಲಿಯಾಕ್ಕೆ ಕಳಿಸುತ್ತಾರೆ. ಎರಡು ವಾರ ಕ್ವಾರಂಟೈನ್. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಅಲ್ಲಿ ಎರಡನೇ ಪಾಳಿ. ಹೊಸ ವರ್ಷಕ್ಕೆ ಮತ್ತೆ ಮೇಲಿನ ಗೋಳಾರ್ಧಕ್ಕೆ. ಮೋರ್ ದ್ಯಾನ್ ರೆಡಿ ಅನ್ನುವ ಕುದುರೆ ಹದಿನೈದಕ್ಕೂ ಹೆಚ್ಚು ವರ್ಷ ಹೀಗೆ ಅಮೆರಿಕ, ಆಸ್ಟ್ರೇಲಿಯಾ ಅಂತ ಓಡಾಡಿತಂತೆ. ಹೆಸರಿಗೆ ತಕ್ಕ ಕುದುರೆ!

ಕುದುರೆಯನ್ನೇ ಯಾಕೆ ಹೊತ್ತೊಯ್ಯಬೇಕು? ನಮ್ಮ ಪಶು ಆಸ್ಪತ್ರೆಯವರು ಮಾಡುವ ಹಾಗೆ ಐಸಿನಲ್ಲಿಟ್ಟು ಬೀಜ ಮಾತ್ರ ಕಳಿಸಿದರೆ ಸಾಲದೇ? ಸಾಲದು. ಥರೋಬ್ರೆಡ್ ಕುದುರೆಗಳ ವಂಶಾವಳಿ ಬರೆದಿಡುವ ಸ್ಟಡ್ ಬುಕ್ಕುಗಳು ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಒಪ್ಪುವುದೇ ಇಲ್ಲ. ಗಂಡೂ ಹೆಣ್ಣೂ ಒಂದೇ ಜಾಗದಲ್ಲಿ ಸೇರಲೇಬೇಕು. ಹಸು ಎಮ್ಮೆಗಳಿಗೆ ಎಂದೋ ಬಂದ ಅನುಕೂಲ ಕೋಟಿಗಟ್ಟಲೆ ಬೆಲೆಯ ಕುದುರೆಗೆ ಇಲ್ಲ.

ಇನ್ನು ಕಾಲದ ಲೆಕ್ಕ. ಹಗಲು ಉದ್ದವಾಗುತ್ತಾ ಬಂದ ಹಾಗೆ ಹೆಣ್ಣು ಕುದುರೆ ಬೆದೆಗೆ ಬರುತ್ತದೆ. ಗಬ್ಬ ಹನ್ನೊಂದು ತಿಂಗಳು. ಅದರ ಮೇಲೆ ಮನುಷ್ಯರ ಇನ್ನೊಂದು ಕಟ್ಟಳೆ ಇದೆ: ಉತ್ತರಾರ್ಧದ ರೇಸ್ ಕುದುರೆಗಳೆಲ್ಲದರ ಹುಟ್ಟುಹಬ್ಬ ಜನವರಿ 1, ಆಸ್ಟ್ರೇಲಿಯಾದಲ್ಲಿ ಆಗಸ್ಟ್ 1. ನಿಜವಾಗಿ ಯಾವತ್ತು ಹುಟ್ಟಿದರೂ ಅಷ್ಟೇ. ಡಿಸೆಂಬರ್ 31ಕ್ಕೆ ಹುಟ್ಟಿದ ಪಾಪದ ಮರಿಗೆ ಮರುದಿನವೇ ಒಂದು ವರ್ಷ! (ನಮ್ಮ ಕಾಲದ ಸ್ಕೂಲ್ ಹೆಡ್‌ಮಾಸ್ಟರುಗಳು ಎಲ್ಲರಿಗೂ ಜೂನ್ ಒಂದನೇ ತಾರೀಕು ಬರೆದುಕೊಳ್ಳುತ್ತಿದ್ದದ್ದು ನೆನಪಾಯಿತು.) ಹೆಣ್ಣು ಕುದುರೆಯ ಒಳಗಡಿಯಾರ ಬಿಸಿಲಿಗೆ ಕಟ್ಟುಬಿದ್ದದ್ದು, ಗೋಳಾರ್ಧ ಬದಲಾದರೆ ಹೊಂದಿಕೊಳ್ಳಲು ಕಾಲ ಬೇಕು. ಗಂಡಿಗೆ ಆ ತೊಡಕು ಕಡಿಮೆ. ಹಾಗಾಗಿ ಓಡಾಟ ಗಂಡಿಗೆ.

ಈ ಓಡಾಟವನ್ನು ದೊಡ್ಡ ವ್ಯಾಪಾರವಾಗಿ ನಿಲ್ಲಿಸಿದ್ದು ಡೇನ್‌ಹಿಲ್ ಅನ್ನುವ ಕುದುರೆ. 1986ರಲ್ಲಿ ಹುಟ್ಟಿದ್ದು. ಐರ್ಲೆಂಡಿನ ಕೂಲ್‌ಮೋರ್ ಮತ್ತು ಆಸ್ಟ್ರೇಲಿಯಾದ ಆರೋಫೀಲ್ಡ್ ಎಂಬ ಎರಡು ಸ್ಟಡ್‌ನವರು ಸೇರಿ ಕೊಂಡು 1990ರಿಂದ ಎರಡೂ ಕಡೆ ಇಟ್ಟರು. ಆಸ್ಟ್ರೇಲಿಯಾದಲ್ಲಿ ಒಂಬತ್ತು ಸಲ ಅದೇ ವರ್ಷದ ಅತ್ಯುತ್ತಮ ತಂದೆ ಕುದುರೆ. 2003ರಲ್ಲಿ ಐರ್ಲೆಂಡಿನ ಹುಲ್ಲುಗಾವಲಿನಲ್ಲಿ ಅವಘಡವಾಗಿ ಸತ್ತಿತು. ಆಸ್ಟ್ರೇಲಿಯಾದ ರೇಸಿಗೆ ನಿಂತ ಕುದುರೆಗಳ ವಂಶ ಕೆದಕಿದರೆ ಎಲ್ಲೋ ಒಂದು ಕಡೆ ಇವನು ಸಿಕ್ಕೇ ಸಿಗುತ್ತಾನೆ. ಒಂದೇ ತಂದೆಯ ರಕ್ತ ಇಷ್ಟೊಂದು ಹರಡಿದ್ದು ಒಳ್ಳೆಯದಲ್ಲ ಅಂತ ನನಗನ್ನಿಸುತ್ತದೆ. ಆದರೆ ದುಡ್ಡು ಸುರಿಯುವವರಿಗೆ ಗೆಲ್ಲುವ ಮರಿ ಬೇಕು, ಅಷ್ಟೇ.

ಇದೆಲ್ಲ ಓದಿದ ರಾತ್ರಿ ತಲೆಗೆ ಹೊಕ್ಕ ಪ್ರಶ್ನೆ: ನಮ್ಮ ಪೀಣ್ಯ ದಾಟಿ, ನೆಲಮಂಗಲದಲ್ಲಿ ಎಡಕ್ಕೆ ತಿರುಗಿ ಮಂಗಳೂರು ರಸ್ತೆ ಹಿಡಿದರೆ ಕುಣಿಗಲ್. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್. ಅಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕಿದ ಫಾರಂ ಇದೆ. ಒಂದಾದರೂ ಷಟಲ್ ಕುದುರೆ ಇಲ್ಲಿಗೆ ಬಂದು ವಾಪಸ್ ಹೋಗಿದೆಯೇ? ಹುಡುಕುತ್ತಾ ಹೋದೆ. ವಾಪಸ್ ಹೋದದ್ದು ಒಂದೂ ಸಿಗಲಿಲ್ಲ, ಬಂದವುಗಳ ಚರಿತ್ರೆ ಮಾತ್ರ ಐನೂರು ವರ್ಷಕ್ಕೂ ಹಿಂದಕ್ಕೆ ಹೋಯಿತು.

* * *

ನಮ್ಮ ನೆಲ ಎತ್ತಿನ ನೆಲ. ಹಳ್ಳಿಕಾರ್, ಅಮೃತಮಹಲ್ ಅಂತ ಎಂಥೆಂಥ ತಳಿ ಬೆಳೆಸಿದ ಊರು! ಕುದುರೆ ವಿಷಯದಲ್ಲಿ ಮಾತ್ರ ದಕ್ಷಿಣದ ರಾಜರೆಲ್ಲ ಕಡಲಿನ ಕಡೆಗೇ ಕಣ್ಣು ನೆಟ್ಟು ಕೂತವರು. ಮಾರ್ಕೊ ಪೋಲೊ ಹದಿಮೂರನೇ ಶತಮಾನದ ಕೊನೆಗೆ ತಮಿಳು ಕರಾವಳಿ ನೋಡಿ ಎರಡು ಮಾತು ಬರೆದಿದ್ದಾನೆ. ಒಂದು, ಇಲ್ಲಿ ಒಳ್ಳೆ ಗಂಡು, ಒಳ್ಳೆ ಹೆಣ್ಣು ಸೇರಿಸಿದರೂ ಹುಟ್ಟುವುದು ಕಾಲು ಸೊಟ್ಟಗಿನ ಮರಿ. ಎರಡು, ಅರಬ್ ವ್ಯಾಪಾರಿಗಳು ಬೇಕಂತಲೇ ಲಾಳ ಕಟ್ಟುವವರನ್ನು, ಕುದುರೆ ವೈದ್ಯ ಬಲ್ಲವರನ್ನು ಇಲ್ಲಿಗೆ ಬರಗೊಡುವುದಿಲ್ಲ. ಕುದುರೆಗಳು ಸಾಯುತ್ತಿದ್ದರೆ ತಾನೆ ಮುಂದಿನ ವರ್ಷವೂ ವ್ಯಾಪಾರ! ಮೊದಲನೆಯದು ಸುಳ್ಳು ಅಂತ ಕುಣಿಗಲ್ ತೋರಿಸಿಕೊಟ್ಟಿತು. ಎರಡನೆಯದನ್ನು ಓದಿದಾಗ ನನಗೆ ವರ್ಷಾವರ್ಷ ಲೈಸೆನ್ಸ್ ಮಾರುವ ಕೆಲವು ಸಾಫ್ಟ್‌ವೇರ್ ನೆನಪಾದವು. ಇರಲಿ.

ವಿಜಯನಗರದ ಕಾಲಕ್ಕೆ ಭಟ್ಕಳದಂಥ ಬಂದರುಗಳಲ್ಲಿ ಕುದುರೆ ಇಳಿಯುತ್ತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಈ ವ್ಯಾಪಾರದ ಜುಟ್ಟು ಅವರ ಕೈಗೆ ಹೋಯಿತು. ಅವರವನೇ ಆದ ನೂನಿಜ್ 1535ರ ಸುಮಾರಿಗೆ ಬರೆದದ್ದರಲ್ಲಿ, ಓರ್ಮುಜ್ ಕುದುರೆ, ನಾಡಕುದುರೆ ಎಲ್ಲ ಸೇರಿ ಅರಸ ವರ್ಷಕ್ಕೆ ಹದಿಮೂರು ಸಾವಿರ ಕೊಳ್ಳುತ್ತಿದ್ದ ಅನ್ನುತ್ತಾನೆ. ಬಂದರುಗಳನ್ನು ಚೆನ್ನಾಗಿಟ್ಟು ಕುದುರೆ ಆನೆಗಳು ಬರುವ ಹಾಗೆ ಮಾಡಬೇಕು, ವ್ಯಾಪಾರಿಗಳನ್ನು ಆದರಿಸಬೇಕು ಅಂತ ಕೃಷ್ಣದೇವರಾಯನೇ ತನ್ನ ತೆಲುಗು ಕಾವ್ಯ ಆಮುಕ್ತಮಾಲ್ಯದದ ರಾಜನೀತಿ ಭಾಗದಲ್ಲಿ ಹೇಳಿದ್ದಾನೆ. ಕುದುರೆ ಅಂದರೆ ಆಗ ಪೆಟ್ರೋಲು. ಅದು ಶತ್ರುವಿನ ಕೈಗೆ ಹೋದರೆ ಮುಗಿಯಿತು.

ನೂನಿಜ್ ಹೇಳುವ ಒಂದು ಸಂಗತಿ ಮಾತ್ರ ನಾನು ಎರಡೆರಡು ಸಲ ಓದಿದೆ. ಸಾಳುವ ನರಸಿಂಹ (1485ರಿಂದ 1491ರವರೆಗೆ ಆಳಿದವನು) ಕುದುರೆಗಳನ್ನು ಜೀವಂತವಾಗಿ ಬಂದರೂ ಸರಿ, ಸತ್ತು ಬಂದರೂ ಸರಿ, ಸಾವಿರ ಪರ್ದಾವ್ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ದುಡ್ಡು ಎಣಿಸಿಕೊಡುತ್ತಿದ್ದ. ಹಡಗಿನವರು ಹೆದರದೆ ತರಲಿ ಅಂತ ಮಾಡಿದ ಉಪಾಯ, ಈಗಿನ ಇನ್ಶೂರೆನ್ಸ್ ಇದ್ದ ಹಾಗೆ. ಬಂದರಿನಲ್ಲಿ ಕೂತು ಬರೀ ಬಾಲಗಳನ್ನು ಎಣಿಸುವ ಕರಣಿಕನೊಬ್ಬನನ್ನು ಊಹಿಸಿಕೊಳ್ಳಿ. ಎಷ್ಟು ಕುದುರೆ ಅಲೆಗಳ ಕೆಳಗೆ ಹೋಗಿದ್ದರೆ ಅಂಥದೊಂದು ಲೆಕ್ಕ ಬೇಕಾಗುತ್ತದೆ?

ಈ ಹಂಗು ತಪ್ಪಿಸಿಕೊಳ್ಳಲು ನಮ್ಮ ನೆಲದಲ್ಲೇ ಕುದುರೆ ಬೆಳೆಸುವ ಗಟ್ಟಿ ಪ್ರಯತ್ನ ಅಂದರೆ ಕುಣಿಗಲ್. 1790ರ ಸುಮಾರಿಗೆ ಟಿಪ್ಪು ತನ್ನ ಅಶ್ವದಳಕ್ಕಾಗಿ ಮಾಡಿದ್ದು ಅಂತ ಹೇಳುತ್ತಾರೆ. ಇಂಗ್ಲಿಷರ ಜೊತೆ ಯುದ್ಧದ ಮೇಲೆ ಯುದ್ಧ ಮಾಡುತ್ತಿದ್ದವನಿಗೆ ಅರಬ್ ಹಡಗು ಕಾಯುತ್ತಾ ಕೂರುವುದಕ್ಕೆ ಆಗುತ್ತದೆಯೇ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಫಾರಂ ಕಂಪನಿಯವರ ಕೈಗೆ, ಮುಂದೆ ಮೈಸೂರು ಅರಸರ ಕೈಗೆ, ಸ್ವಾತಂತ್ರ್ಯ ಬಂದ ಮೇಲೆ ರಾಜ್ಯ ಸರ್ಕಾರಕ್ಕೆ. ಯುದ್ಧದ ಕುದುರೆಯ ಕಾಲ ಮುಗಿದು ರೇಸ್ ಕುದುರೆಯ ಕಾಲ ಬಂತು. 1992ರಲ್ಲಿ ಸರ್ಕಾರ ಅದನ್ನು ವಿಜಯ್ ಮಲ್ಯ ಅವರ ಯುಬಿ ಗುಂಪಿಗೆ ಮೂವತ್ತು ವರ್ಷದ ಗುತ್ತಿಗೆಗೆ ಕೊಟ್ಟಿತು.

* * *

ಇನ್ನು ನಮ್ಮ ಹೊಸೂರು ರಸ್ತೆ. ದಿನಾ ಫ್ಲೈಓವರಿನ ಮೇಲೋ ಕೆಳಗೋ ತೆವಳುವ ನಮಗೆ ಇದು ಟ್ರಾಫಿಕ್ಕಿನ ರಸ್ತೆ ಅಷ್ಟೇ. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗಿ, ಡೆಂಕಣಿಕೋಟೆ ರಸ್ತೆ ಹಿಡಿದರೆ ಮತ್ತಿಗಿರಿ ಸಿಗುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಜಾಗ. ಅಲ್ಲಿ ತಮಿಳುನಾಡು ಸರ್ಕಾರದ ಜಾನುವಾರು ಫಾರಂ ಇದೆ, ಸುಮಾರು 1,640 ಎಕರೆ. 1970ರ ದಶಕದಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಎಲೆಕ್ಟ್ರಾನಿಕ್ ಸಿಟಿಗೆ ಅಂತ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನಲ್ಲಿ ಹಿಡಿದ ಜಾಗ 332 ಎಕರೆ. ಅಂಥ ಐದು ಎಲೆಕ್ಟ್ರಾನಿಕ್ ಸಿಟಿ ಹಿಡಿಸುವ ಈ ಫಾರಂ ಶುರುವಾದದ್ದು 1824ರಲ್ಲಿ, ದನಕ್ಕಲ್ಲ, ಕಂಪನಿ ಸೈನ್ಯದ ಕುದುರೆಗೆ. ಸೈನ್ಯಕ್ಕೆ ಹೊಸ ಕುದುರೆ ತಂದು, ಸಾಕಿ, ಪಳಗಿಸಿ ಕಳಿಸುವ ರಿಮೌಂಟ್ ಡಿಪೋ. ಬೆಂಗಳೂರು ದಂಡಿನ ರಾವುತರು ಇಪ್ಪತ್ತು ಮೂವತ್ತು ಮೈಲಿ ದೂರದಲ್ಲಿ. ಈಗಿನ ಕಾಮರಾಜ ರಸ್ತೆಗೆ ಕ್ಯಾವಲ್ರಿ ರಸ್ತೆ ಅಂತ ಹೆಸರಿತ್ತು, ಸುಮ್ಮನೆ ಅಲ್ಲ.

ಹೊಸೂರಿನ ಡಿಪೋಗೆ ಬರುತ್ತಿದ್ದವುಗಳಲ್ಲಿ ತೆಂಕಣ ಗೋಳಾರ್ಧದವೂ ಇದ್ದವು. ನ್ಯೂ ಸೌತ್ ವೇಲ್ಸಿನಿಂದ ಬಂದದ್ದಕ್ಕೆ 'ವೇಲರ್' ಅಂತ ಹೆಸರು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲೇ ಶುರುವಾಗಿ, ಅರಬ್ ಕುದುರೆಗಳನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ, ಬ್ರಿಟಿಷ್ ಇಂಡಿಯಾದ ಸೈನ್ಯಕ್ಕೆ ಇವೇ ಮುಖ್ಯವಾದವು. ಹಾಯಿ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಮದರಾಸಿಗೆ ಆಗ ಸರಿಯಾದ ಬಂದರು ಕಟ್ಟೆಯೂ ಇಲ್ಲ. 1834ರ ಸುಮಾರಿನ ಒಂದು ಚಿತ್ರವಿದೆ: ಆಸ್ಟ್ರೇಲಿಯಾದ ಕುದುರೆಗಳನ್ನು ಮದರಾಸಿನ ತೀರಕ್ಕೆ ಇಳಿಸುತ್ತಿರುವುದು. ಅಲೆಗಳು, ಮಸೂಲಾ ದೋಣಿ, ಕಟ್ಟುಮರ. ವಾರಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ನಿಂತೇ ಇದ್ದ ಪ್ರಾಣಿಗೆ ನಮ್ಮ ದೇಶದ ಮೊದಲ ಪರಿಚಯ ಈ ಉಪ್ಪುನೀರು. ಹೊಸೂರಿಗೆ ಕಳಿಸಿದ್ದು ಯಾಕೆ ಅಂದರೆ ಮೂರು ಸಾವಿರ ಅಡಿ ಎತ್ತರ, ಒಣ ಹವೆ, ಮದರಾಸಿನ ಸೆಕೆ ಇಲ್ಲ. ಹೊಸ ನೆಲ, ಹೊಸ ಹುಲ್ಲು, ಓಟ್ಸ್ ಬದಲಿಗೆ ಹುರುಳಿ. ಋತುವೂ ತಲೆಕೆಳಗು. ಅವನ್ನು ತಂದದ್ದು ಸವಾರಿಗೆ ಮತ್ತು ಫಿರಂಗಿ ಎಳೆಯುವುದಕ್ಕೆ, ಬಹಳಷ್ಟು ಗಂಡುಗಳಿಗೆ ಬೀಜ ಒಡೆದೇ ಕಳಿಸುತ್ತಿದ್ದರು. ಅಂದರೆ ಇವತ್ತಿನ ಷಟಲ್ ಕುದುರೆಗೆ ತದ್ವಿರುದ್ಧ. ಅವನದು ಎರಡು ಗೋಳಾರ್ಧದಲ್ಲೂ ಸಂತಾನ, ಇವಕ್ಕೆ ಎಲ್ಲೂ ಇಲ್ಲ.

ಒಂದು ರವಿವಾರ ಬೈಕ್ ಹಾಕಿಕೊಂಡು ಮತ್ತಿಗಿರಿಗೆ ಹೋಗಿದ್ದೆ. ಒಳಗೆ ಬಿಡಲಿಲ್ಲ, ಕೇಳಿಕೊಂಡೂ ಹೋಗಿರಲಿಲ್ಲ. ರಸ್ತೆಯಿಂದಲೇ ಕಾಣುವಷ್ಟು ಕಂಡೆ: ಬೇಲಿ, ಹಳೇ ಮರಗಳು, ಬಯಲು. ಇಷ್ಟು ಬಯಲು ಕಣ್ಣಿಗೆ ಬಿದ್ದು ಎಷ್ಟು ದಿನವಾಗಿತ್ತು! ಮೇಯುತ್ತಿದ್ದದ್ದು ದನಗಳು.

ಮೊದಲ ಮಹಾಯುದ್ಧದಲ್ಲಿ ಕುದುರೆಗಳು ಇಲ್ಲಿಂದಲೂ ಹೊರಟವು. 1914ರಲ್ಲಿ ಹೊರಟ ಮೈಸೂರು ಲ್ಯಾನ್ಸರ್ಸ್ ಈಜಿಪ್ಟ್, ಪ್ಯಾಲೆಸ್ಟೈನ್ ಕಂಡು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಊರನ್ನು ಈಟಿ ಹಿಡಿದೇ ಗೆದ್ದ ಕತೆ ನಿಮಗೆ ಗೊತ್ತಿರಬಹುದು. ನಮ್ಮ ಜೆ.ಸಿ. ನಗರದಲ್ಲಿ ಅವರ ಸ್ಮಾರಕಸ್ತಂಭ ಇದೆ, ದಿಲ್ಲಿಯ ತೀನ್ ಮೂರ್ತಿಯ ಮೂರರಲ್ಲಿ ಒಬ್ಬ ನಮ್ಮವನು. ಅದೇ ಯುದ್ಧಕ್ಕೆ ಆಸ್ಟ್ರೇಲಿಯಾ 1,30,000ಕ್ಕೂ ಹೆಚ್ಚು ಕುದುರೆಗಳನ್ನು ಕಡಲಾಚೆ ಕಳಿಸಿತು. ವಾಪಸ್ ಬಂದದ್ದು ಒಂದು. ಗಲಿಪೊಲಿಯಲ್ಲಿ ಗಾಯಗೊಂಡು ಸತ್ತ ಜನರಲ್ ಬ್ರಿಡ್ಜಸ್ ಅವರ ಕುದುರೆ ಸ್ಯಾಂಡಿ. ರೋಗ ಹೊತ್ತು ತಂದಾವು ಅನ್ನುವ ಹೆದರಿಕೆ, ಹಡಗಿನ ಖರ್ಚು, ಎಲ್ಲ ಸೇರಿ ಉಳಿದವುಗಳಿಗೆ ದಾರಿ ಮುಚ್ಚಿತು. ಬದುಕಿದ್ದವುಗಳಲ್ಲಿ ಬಹಳಷ್ಟನ್ನು ಭಾರತೀಯ ಸೈನ್ಯಕ್ಕೆ ಒಪ್ಪಿಸಿದರು. ಕೆಲವನ್ನು ಗುಂಡಿಟ್ಟು ಕೊಂದರು.

* * *

ರೋಗದ ಹೆದರಿಕೆ ಸುಳ್ಳಲ್ಲ ಅನ್ನುವುದು ತೊಂಬತ್ತು ವರ್ಷದ ಮೇಲೆ ಷಟಲ್ ಕುದುರೆಗಳಿಂದಲೇ ಗೊತ್ತಾಯಿತು. 2007ರ ಆಗಸ್ಟಿನಲ್ಲಿ ಜಪಾನಿನಲ್ಲಿ ಕುದುರೆ ಜ್ವರ ಹಬ್ಬಿತ್ತು. ಅಲ್ಲಿಂದ ಆಸ್ಟ್ರೇಲಿಯಾದ ಸೀಸನ್ನಿಗೆ ಅಂತ ಬಂದ ಬೀಜದ ಕುದುರೆಗಳು ಸಿಡ್ನಿಯ ಈಸ್ಟರ್ನ್ ಕ್ರೀಕ್ ಕ್ವಾರಂಟೈನಿನಲ್ಲಿದ್ದವು. ವೈರಸ್ಸು ಬೇಲಿ ದಾಟಿತು. ಅಲ್ಲಿ ಓಡಾಡುವ ಮನುಷ್ಯರ ಬಟ್ಟೆಯಲ್ಲೋ ಸಾಮಾನಿನಲ್ಲೋ ಅಂಟಿಕೊಂಡು ಹೊರಬಂದಿರಬೇಕು ಅಂತ ಆಮೇಲೆ ಸರ್ಕಾರ ನೇಮಿಸಿದ ಕ್ಯಾಲಿನನ್ ವಿಚಾರಣೆ ಹೇಳಿತು. ಅಲ್ಲಿಯವರೆಗೆ ಕುದುರೆ ಜ್ವರವನ್ನೇ ಕಾಣದ ದೇಶ ಅದು. ಒಂಬತ್ತು ಸಾವಿರಕ್ಕೂ ಹೆಚ್ಚು ಲಾಯ, ಫಾರಂಗಳಿಗೆ ಹರಡಿತು. ಎರಡು ರಾಜ್ಯದಲ್ಲಿ ರೇಸು ಬಂದ್. ಡಿಸೆಂಬರ್ ಹೊತ್ತಿಗೆ ಹತೋಟಿಗೆ ತಂದರು, ನಿಜಕ್ಕೂ ಮೆಚ್ಚಬೇಕು. ಮರುವರ್ಷ 2008ರ ಜೂನಿನಲ್ಲಿ ನಮ್ಮಲ್ಲೂ ಕಟ್ರಾದಲ್ಲಿ, ವೈಷ್ಣೋದೇವಿ ಯಾತ್ರಿಕರನ್ನು ಹೊರುವ ಕುದುರೆಗಳಲ್ಲಿ, ಕುದುರೆ ಜ್ವರ ಕಾಣಿಸಿಕೊಂಡು ಹಲವು ರಾಜ್ಯಗಳಿಗೆ ಹಬ್ಬಿತು.

ಈಗ ನನ್ನ ಪ್ರಶ್ನೆಗೆ ಬರೋಣ. ಷಟಲ್ ಕುದುರೆ ನಮ್ಮ ತಲೆ ಮೇಲೆ ಹಾರಿಹೋಗುತ್ತದೆ, ಇಳಿಯುವುದಿಲ್ಲ. ಯಾಕೆ? ಒಂದು ಕಾರಣ ಭೂಗೋಳ. ನಾವೂ ಉತ್ತರಾರ್ಧದವರೇ, ನಮ್ಮ ಕುದುರೆಗಳ ಹುಟ್ಟುಹಬ್ಬವೂ ಜನವರಿ ಒಂದೇ. ಐರ್ಲೆಂಡಿನಲ್ಲಿ ಕುದುರೆಗೆ ಕೈತುಂಬ ಕೆಲಸ ಇರುವ ಹೊತ್ತಿಗೇ ನಮ್ಮಲ್ಲೂ ಕೆಲಸ. (ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ, ಐರ್ಲೆಂಡಿನಲ್ಲಿ ಒಂಬತ್ತು ಗಂಟೆ ಮೀರುತ್ತದೆ. ಆದರೂ ಕ್ಯಾಲೆಂಡರ್ ಅವರದೇ.) ಎರಡನೆಯದು ದುಡ್ಡು, ಅದನ್ನು ಹೇಳಬೇಕಾಗಿಲ್ಲ. ಮೂರನೆಯದೇ ಗಟ್ಟಿಯಾದದ್ದು. ಭಾರತಕ್ಕೆ ಬಂದ ಕುದುರೆಯನ್ನು ಹೊರಗಿನವರು ವಾಪಸ್ ಸೇರಿಸಿಕೊಳ್ಳುವುದು ಬಲು ಕಷ್ಟ. 1960ರಲ್ಲಿ ಆಫ್ರಿಕನ್ ಕುದುರೆ ರೋಗ ಪಶ್ಚಿಮ ಏಷ್ಯಾದಿಂದ ಬಂದು ಸಾವಿರಾರು ಕುದುರೆಗಳನ್ನು ತಿಂದುಹಾಕಿತ್ತು. ಅದು ತೊಲಗಿ ದಶಕಗಳಾದವು, ಆದರೆ ಗ್ಲಾಂಡರ್ಸ್ ಅನ್ನುವ ಇನ್ನೊಂದು ರೋಗ ಆಗಾಗ ತಲೆ ಎತ್ತುತ್ತಲೇ ಇದೆ. ಹಾಗಾಗಿ ಇಲ್ಲಿ ಕಾಲಿಟ್ಟ ಕುದುರೆ ನೇರವಾಗಿ ಯುರೋಪಿಗೋ ಆಸ್ಟ್ರೇಲಿಯಾಕ್ಕೋ ಹೋಗುವ ಹಾಗಿಲ್ಲ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಕುದುರೆ ಸವಾರಿಯಲ್ಲಿ ನಮಗೆ ಚಿನ್ನ ಬಂತಲ್ಲ, 41 ವರ್ಷದ ಮೇಲೆ. ಸವಾರರು ನಮ್ಮವರು, ಕುದುರೆಗಳು ಇದ್ದದ್ದು ಯುರೋಪಿನಲ್ಲಿ, ಚೀನಾಕ್ಕೆ ಹೊರಟದ್ದೂ ಅಲ್ಲಿಂದಲೇ. ಅವುಗಳನ್ನು ಸಂಭ್ರಮಕ್ಕೆ ಅಂತ ಒಂದು ದಿನ ಇಲ್ಲಿಗೆ ತಂದಿದ್ದರೂ ಮುಂದಿನ ಸ್ಪರ್ಧೆಯ ದಾರಿ ಮುಚ್ಚುತ್ತಿತ್ತು. 2025ರ ಜುಲೈಯಲ್ಲಿ ಮೀರತ್‌ನ ಸೈನ್ಯದ ರಿಮೌಂಟ್ ಕೇಂದ್ರಕ್ಕೆ ರೋಗಮುಕ್ತ ಆವರಣ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಕುದುರೆಗೆ ಹೊರಹೋಗುವ ಬಾಗಿಲು ತೆರೆದದ್ದು ಅಲ್ಲಿ, ಹೊಸೂರಿನ ಡಿಪೋದ ದೂರದ ದಾಯಾದಿಯಂಥ ಜಾಗದಲ್ಲಿ! ಕುಣಿಗಲ್‌ಗೆ ಅದರಿಂದ ಏನೂ ಬಂದಂತಿಲ್ಲ. ಕುಣಿಗಲ್‌ನ ಸುಮಾರು 420 ಎಕರೆಯ ಬಗ್ಗೆ, ಗುತ್ತಿಗೆಯ ಮೂವತ್ತು ವರ್ಷ ತುಂಬಿದ ಮೇಲೆ ಕೇಳಿಬಂದದ್ದು ಬೇರೆ ಮಾತು. 2024ರಲ್ಲಿ ಅಲ್ಲಿ ಟೌನ್‌ಶಿಪ್ ಮಾಡುವ ಸರ್ಕಾರದ ಯೋಚನೆ ಸುದ್ದಿಯಾಗಿ, ಬೇಡ ಅಂತ ಊರಿನವರೇ ಎದ್ದು ನಿಂತರು. ನನ್ನ ಕೆಲಸವೂ ಊಟವೂ ಹೊಲ ಹೋಗಿ ಎದ್ದ ಕಟ್ಟಡದಲ್ಲೇ ಆಗುವುದರಿಂದ ಜಾಸ್ತಿ ಮಾತಾಡುವ ಯೋಗ್ಯತೆ ನನಗಿಲ್ಲ. ಆದರೆ ಹಾಳಾದ ಕೋಟೆಯನ್ನಾದರೂ ಮತ್ತೆ ಕಟ್ಟಬಹುದು, ಇನ್ನೂರು ವರ್ಷ ಗೊರಸು ತುಳಿದ ಹುಲ್ಲುಗಾವಲನ್ನು ಎಲ್ಲಿಂದ ತರುತ್ತಾರೆ?

2019ರಲ್ಲಿ ಧರ್ಮಸ್ಥಳಕ್ಕೆ ಹೋಗುವಾಗ ಕುಣಿಗಲ್ ಹತ್ತಿರ ಟೀ ಕುಡಿಯಲು ನಿಂತಿದ್ದೆವು. ಪಕ್ಕದಲ್ಲಿ ಬೀಡಿ ಹಚ್ಚಿಕೊಂಡಿದ್ದ ವಯಸ್ಸಾದವರೊಬ್ಬರು ಫಾರಂನ ಲಾಯದಲ್ಲಿ ಕೆಲಸ ಮಾಡಿದ್ದೋರಂತೆ. ಅವರ ಅಪ್ಪನೂ ಅದೇ ಕೆಲಸ. ಹೊರದೇಶದ ಕುದುರೆಗಳನ್ನು ನೋಡಿಕೊಂಡಿದ್ದೀರಾ ಅಂತ ಕೇಳಿದೆ.

"ಊಂ ಸಾಮಿ. ಐರ್ಲೆಂಡಿಂದು ಒಂದಿತ್ತು. ಬಂದಾಗ ಮೇವೇ ಮುಟ್ತಿರ್ನಿಲ್ಲ. ರಾತ್ರಿಯೆಲ್ಲ ನಿಂತೇ ಇರದು. ಒಂದು ತಿಂಗಳು ಅದ್ರ ಪಕ್ಕದಾಗೇ ಮಲಗಿವ್ನಿ."

"ಆಮೇಲೆ ವಾಪಸ್ ಕಳಿಸಿದ್ರಾ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಎಲ್ಲಿಗೆ ಕಳಿಸ್ತಾರೆ ಸಾಮಿ? ಇಲ್ಲೇ ಮಣ್ಣು ಮಾಡಿದ್ವಿ. ಮಕ್ಕಳೆಲ್ಲ ಇಲ್ಲೇ ಅವಲ್ಲ."

ಬೀಡಿ ಎಸೆದು, ಐರ್ಲೆಂಡ್ ಯಾವ ಕಡೆ ಬರ್ತದೆ ಅಂತ ನನ್ನನ್ನು ಕೇಳಿದರು. ನಾನು ಪಶ್ಚಿಮಕ್ಕೆ, ಹಾಸನದ ಕಡೆಗೆ, ಕೈ ತೋರಿಸಿದೆ.